ಸಭೆಯ ಚರಿತ್ರೆ ಬರೆಯೋಕೆ ಕೂತರೆ ಮೊದಲು ಹರಾಜಿನ ಪುಸ್ತಕ ಹುಡುಕಿ

ನಮ್ಮ ದೇವಾಲಯದ, ಅಂದರೆ ನಮ್ಮೂರ ಚರ್ಚಿನ, ಹೆಂಚಿನ ಮೇಲೆ 1865 ಅಂತ ಅಚ್ಚಿದೆ. ಮಾಡು ರಿಪೇರಿಗೆ ಮೇಲೆ ಹತ್ತಿದ್ದ ಹುಡುಗ ಅದನ್ನು ನೋಡಿ ಕೆಳಗೆ ಕೂಗಿ ಹೇಳಿದ. ಮುಂದಿನ ಭಾನುವಾರ ಆರಾಧನೆ ಮುಗಿಯುವಷ್ಟರಲ್ಲಿ ಸಭೆಯ, ಅಂದರೆ ಚರ್ಚಿಗೆ ಸೇರಿದ ಮನೆಗಳವರ, ಸಮಿತಿಯವರು ಎಲ್ಲ ತೀರ್ಮಾನ ಮಾಡಿಬಿಟ್ಟಿದ್ದರು. ದೇವಾಲಯಕ್ಕೆ ನೂರೈವತ್ತು ತುಂಬಿದೆ, ಜ್ಯೂಬಿಲಿ ಮಾಡಬೇಕು, ಸ್ಮರಣ ಸಂಚಿಕೆ ತರಬೇಕು, ಬರೆಯೋದು ಟೀಚರಮ್ಮ. ಟೀಚರಮ್ಮ ಅಂದರೆ ನಾನು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತಿಯಾದವಳು. ನಿವೃತ್ತಿಯಾದವಳಿಗೆ ಬೇರೇನು ಕೆಲಸ ಅಂತ ಊರಿನ ಲೆಕ್ಕ.

ಬ್ಯಾನರೂ ಪ್ರಿಂಟಾಗಿ ಬಂತು. ಆಮೇಲೆ ಗೊತ್ತಾಯಿತು, 1865 ನಮ್ಮ ದೇವಾಲಯ ಕಟ್ಟಿದ ವರ್ಷವಲ್ಲ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಕಾರ್ಖಾನೆಯ ಹೆಸರಿನ ಜೊತೆ ಆ ಇಸವಿಯನ್ನೂ ಎಷ್ಟೋ ಕಾಲ ಹೆಂಚಿಗೆ ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ನಿಮ್ಮ ಹೆಂಚಿನಲ್ಲಿ ಕಾಮನ್‌ವೆಲ್ತ್ ಅಂತಿದ್ದರೆ ಅದು ಅಲ್ಲಿಂದೀಚಿನದು. ಹೆಂಚಿನಿಂದ ತಿಳಿಯುವುದು ಅಷ್ಟೇ. ಬ್ಯಾನರನ್ನು ಈಗ ಬೆಳೆ ಹಬ್ಬದ ದಿನ ರಾಗಿ ಮೂಟೆಗಳ ಕೆಳಗೆ ಹಾಸುತ್ತೇವೆ, ಅಕ್ಷರ ಕೆಳಮುಖ ಮಾಡಿ.

ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಊರು ನಮ್ಮದು. ಎಂಬತ್ತು ಚಿಲ್ಲರೆ ಮನೆಗಳ ಸಭೆ. ಆರು ತಿಂಗಳಲ್ಲಿ ಮುಗಿಸುತ್ತೇನೆ ಅಂದುಕೊಂಡ ಪುಸ್ತಕಕ್ಕೆ ಮೂರು ವರ್ಷ ಹಿಡಿಯಿತು. ಕೋಲಾರ, ತುಮಕೂರು ಕಡೆಯ ಸಣ್ಣ ಊರುಗಳಲ್ಲಿ ನನ್ನ ಹಾಗೇ ಈ ಕೆಲಸ ತಲೆಗೆ ಕಟ್ಟಿಸಿಕೊಂಡವರು ಇದ್ದಾರೆ. ಅವರಿಗೆ ಒಂದೆರಡು ವರ್ಷವಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕುಂಬಳಕಾಯಿಗೆ 17 ರೂಪಾಯಿ

ಎಲ್ಲರೂ ಮಿಷನರಿಗಳಿಂದ ಶುರುಮಾಡುತ್ತಾರೆ, ನಾನೂ ಹಾಗೇ ಮಾಡಿದೆ. ಮೊದಲ ಪುಟಕ್ಕೆ ಗಡ್ಡದ ಪಾದ್ರಿ ದೊರೆಯ ಫೋಟೊ, ಎರಡನೆಯದಕ್ಕೆ ದೊರೆಸಾನಿಯದು, ಮೂರನೆಯದಕ್ಕೆ ಬಿಷಪ್ಪರ ಆಶೀರ್ವಚನ. ಆರು ತಿಂಗಳು ಅದನ್ನೇ ತಿದ್ದಿ ತೀಡಿ ಒಂದು ದಿನ ಕೂತು ಓದಿದರೆ, ಊರಿನ ಹೆಸರು ಬದಲಾಯಿಸಿ ಯಾವ ಸಭೆಗೆ ಬೇಕಾದರೂ ಅಂಟಿಸಬಹುದಾದ ಬರಹ ಅದು.

ಹರಾಜಿನ ಪುಸ್ತಕ ಕೈಗೆ ಸಿಕ್ಕಿದ ಮೇಲೆ ಆ ಪುಟಗಳನ್ನೆಲ್ಲ ಹರಿದೆ. ನಮ್ಮ ಕಡೆ ರಾಗಿ ಒಕ್ಕಣೆ ಮುಗಿದು, ಸೊಗಡಿನ ಅವರೆಕಾಯಿ ಬೀದಿಗೆ ಬಂದಿರುವ ಹೊತ್ತಿಗೆ ಬೆಳೆ ಹಬ್ಬ. ಈಗಿನ ಮಕ್ಕಳ ಬಾಯಲ್ಲಿ ಅದು ಬರೀ ಹಾರ್ವೆಸ್ಟು. ಮನೆಮನೆಯಿಂದ ರಾಗಿ, ಅವರೆ, ಕಬ್ಬು, ಹುಂಜ, ಮೊಟ್ಟೆ, ಒಬ್ಬಟ್ಟಿನ ಡಬ್ಬಿ, ಹೀಗೆ ಕೈಲಾದದ್ದನ್ನು ತಂದು ಪೀಠದ ಮುಂದೆ ಇಡುತ್ತಾರೆ. ಆರಾಧನೆಯಾದ ಮೇಲೆ ಅಂಗಳದಲ್ಲಿ ಹರಾಜು. ಕೂಗಿದ್ದನ್ನೆಲ್ಲ ಕಾರ್ಯದರ್ಶಿ ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಏನು ಬಂತು, ಕೊಟ್ಟವರು ಯಾರು, ಕೂಗಿ ಕೊಂಡವರು ಯಾರು, ಎಷ್ಟಕ್ಕೆ, ದುಡ್ಡು ಬಂತೋ ಬಾಕಿಯೋ.

ಮಿಷನ್ನಿನ ಹಳೇ ವರದಿಗಳಲ್ಲಿ ನಮ್ಮ ಜನ ಬರೀ ಎಣಿಕೆಯಾಗಿ ಬರುತ್ತಾರೆ. ಉಪದೇಶಿಗಳು ಇಷ್ಟು, ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಹೇಳುವ ಬೈಬಲ್ ವುಮನ್ ಇಷ್ಟು, ಶಾಲೆಗೆ ಬರುವ ಹೆಣ್ಣುಮಕ್ಕಳು ಇಷ್ಟು. ಹರಾಜಿನ ಪುಸ್ತಕದಲ್ಲಿ ಎರಡಾಣೆ ಕೊಟ್ಟು ನಿಂಬೆಹಣ್ಣು ಕೊಂಡವಳಿಗೂ ಹೆಸರಿದೆ. ನೀವು ಮಾಡಬೇಕಾದ ಮೊದಲನೇ ಕೆಲಸ ಈ ಹೆಸರುಗಳ ಪಟ್ಟಿ. ಒಂದು ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ ಬಿಡಿ. ಮೊದಲ ಸಲ ಯಾವ ವರ್ಷ ಕಂಡರು, ಕೊನೆಯ ಸಲ ಯಾವಾಗ, ಏನು ಕೊಟ್ಟರು, ಏನು ಕೊಂಡರು ಅಂತ ಬರೆಯುತ್ತಾ ಹೋಗಿ. ಇನ್ನೂರು ಹೆಸರಾಗುವಷ್ಟರಲ್ಲಿ ಸಭೆ ನಿಮ್ಮ ಕಣ್ಣೆದುರು ಕೂತಿರುತ್ತದೆ.

ಆಮೇಲೆ ಸಾಮಾನುಗಳನ್ನು ನೋಡಿ. ನಮ್ಮ ಪುಸ್ತಕದ ಮೊದಲ ಪುಟಗಳಲ್ಲಿ ರಾಗಿ, ಹುರುಳಿ, ಅವರೆಯದೇ ಕಾರುಬಾರು. ನಡುವೆ ಎಲ್ಲೋ ಆಲೂಗಡ್ಡೆ ಮೂಟೆ ಕಾಣಿಸುತ್ತದೆ, ಕೊಳವೆ ಬಾವಿ ಬಂದ ಮನೆಗಳಿಂದ ದ್ರಾಕ್ಷಿ ಬರುತ್ತದೆ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹಾಕುತ್ತಿದ್ದವರು ಒಂದು ವರ್ಷ ರೇಷ್ಮೆಗೂಡೇ ತಂದಿಟ್ಟಿದ್ದಾರೆ. ಅದನ್ನು ಕೂಗಿಕೊಂಡ ಶಾಲೆ ಮೇಷ್ಟರು ಏನು ಮಾಡಿದರೋ ಪುಸ್ತಕದಲ್ಲಿಲ್ಲ. ಕೊನೆಯ ಪುಟಗಳಿಗೆ ಬಂದರೆ ಪ್ಲಾಸ್ಟಿಕ್ ಬಕೆಟ್, ಸ್ಟೀಲ್ ಕೊಡ, ಬೇಕರಿ ಕೇಕು. ಹೊಲ ಇದ್ದವರು ಸಂಬಳಕ್ಕೆ ಹೋದದ್ದನ್ನು ನಾನು ಬೇರೆ ಎಲ್ಲೂ ಹುಡುಕಬೇಕಾಗಲಿಲ್ಲ.

ವಿಚಿತ್ರ ಬೆಲೆ ಕಂಡ ಕಡೆ ಪೆನ್ಸಿಲ್ ಗುರುತು ಹಾಕಿ, ಅಲ್ಲೊಂದು ಕಥೆ ಇರುತ್ತದೆ. ನಮ್ಮ ಪುಸ್ತಕದ ಒಂದು ಪುಟದಲ್ಲಿ ಹುಂಜ ಮೂರೂವರೆ ರೂಪಾಯಿ, ಅದರ ಕೆಳಗಿನ ಸಾಲಿನಲ್ಲೇ ಒಂದು ಕುಂಬಳಕಾಯಿ 17 ರೂಪಾಯಿ. ಕೈತಪ್ಪಿರಬೇಕು ಅಂತ ನಮ್ಮತ್ತೆಯನ್ನು ಕೇಳಿದೆ. ಅವರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಬದುವಿನ ಜಗಳಕ್ಕೆ ನಾಲ್ಕು ವರ್ಷ ಮಾತು ಬಿಟ್ಟಿದ್ದ ಅಣ್ಣ ತಮ್ಮ ಇಬ್ಬರೂ ಆ ಕುಂಬಳಕಾಯಿಗೆ ಕೂಗಿದರಂತೆ. ಹರಾಜು ಕೂಗುತ್ತಿದ್ದ ಅಯ್ಯನವರು, ಅಂದರೆ ಸಭೆಯ ಪಾದ್ರಿ, ‘ಒಂದನೇ ಸಾರಿ, ಎರಡನೇ ಸಾರಿ’ ಅಂದವರು ಮೂರನೇ ಸಾರಿ ಅನ್ನದೆ ಇಬ್ಬರ ಮುಖವನ್ನೂ ನೋಡುತ್ತಾ ನಿಂತರಂತೆ. ಗೆದ್ದ ತಮ್ಮ ಸಾಯಂಕಾಲ ಮಗಳ ಕೈಲಿ ಅದನ್ನು ಅಣ್ಣನ ಮನೆಗೇ ಕಳಿಸಿದ, ‘ಇಷ್ಟು ದೊಡ್ಡದನ್ನ ಬೇಯಿಸೋ ಪಾತ್ರೆ ನಮ್ಮನೇಲಿಲ್ಲ’ ಅಂತ ಹೇಳಿಸಿ. ಆ ವರ್ಷದ ದುಡ್ಡು ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಖರ್ಚಾಗಿದೆ: ಪೆಟ್ರೊಮ್ಯಾಕ್ಸ್ ರಿಪೇರಿ, ಗಂಟೆಗೆ ಹಗ್ಗ, ಜಮಖಾನ ಒಂದು.

ಈ ಪುಸ್ತಕ ದೇವಾಲಯದ ಬೀರುವಿನಲ್ಲಿ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಹಳೇ ಕಾರ್ಯದರ್ಶಿಗಳ, ಖಜಾಂಚಿಗಳ ಮನೆಯಲ್ಲಿ ಮಂಚದ ಕೆಳಗಿನ ಟ್ರಂಕು ತೆಗೆಸಿ. ಗಂಡುಮಕ್ಕಳನ್ನು ಕೇಳಿದರೆ ‘ಎಲ್ಲೋ ಇರಬೇಕು ಟೀಚರ್’ ಅನ್ನುತ್ತಾರೆ. ಯಾವುದು ಗುಜರಿಗೆ ಹೋಯಿತು, ಯಾವುದು ಉಳಿಯಿತು ಅಂತ ಸೊಸೆಯಂದಿರಿಗೆ ಗೊತ್ತು. ಹರಾಜಿನ ಪುಸ್ತಕ ಹೋಗಿಯೇಬಿಟ್ಟಿದ್ದರೆ ಸ್ತ್ರೀಯರ ಅನ್ಯೋನ್ಯ ಕೂಟದ ಹಿಡಿಯಕ್ಕಿ ಲೆಕ್ಕ ಕೇಳಿ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದಿಟ್ಟು ಭಾನುವಾರ ತಂದು ಸುರಿಯುವ ಪದ್ಧತಿ ಎಷ್ಟೋ ಸಭೆಗಳಲ್ಲಿತ್ತು, ಅದಕ್ಕೂ ಲೆಕ್ಕ ಬರೆಯುತ್ತಿದ್ದರು. ಅದೂ ಇಲ್ಲವೆಂದರೆ ಸಂಡೇ ಸ್ಕೂಲಿನ ಹಾಜರಿ ಪುಸ್ತಕ.

ಯಾವ ಮಿಷನ್ ಅಂತ ಸರಿಯಾಗಿ ತಿಳಿದುಕೊಳ್ಳಿ

ಮಿಷನರಿಗಳನ್ನು ಬಿಟ್ಟೇಬಿಡಿ ಅಂತಲ್ಲ. ಆದರೆ ಯಾವ ಮಿಷನ್ನು ಅನ್ನುವುದರಲ್ಲೇ ಎಡವುವವರು ಬಹಳ. ನಮ್ಮ ಮೂರು ಜಿಲ್ಲೆಗಳಿಗೆ ಮೂರು ಬೇರೆ ಬೇರೆ ಬೇರುಗಳಿವೆ.

ಚಿಕ್ಕಬಳ್ಳಾಪುರ ಲಂಡನ್ ಮಿಷನ್ನಿನದು, ಅಂದರೆ ಲಂಡನ್ ಮಿಷನರಿ ಸೊಸೈಟಿಯದು. ನಮ್ಮ ನಾಡಿನ ಶಾಸನಗಳನ್ನು ಕಲೆಹಾಕಿ ಪ್ರಕಟಿಸಿದ ಬಿ.ಎಲ್. ರೈಸ್ ಅವರ ತಮ್ಮ, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್, ಈ ಮಿಷನ್ನಿನ ಪಾದ್ರಿಯಾಗಿ ಚಿಕ್ಕಬಳ್ಳಾಪುರದಲ್ಲಿದ್ದವರು. ಅವರ ತಂದೆ ಬೆಂಜಮಿನ್ ರೈಸ್ ಹೆಸರಿನ ದೇವಾಲಯ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿದೆ. ಚಿಕ್ಕಬಳ್ಳಾಪುರದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆಸ್ಪತ್ರೆಗೆ ಹಿಂದೆ ವಾರ್ಡ್‌ಲಾ ಥಾಂಪ್ಸನ್ ಅನ್ನುವವರ ಹೆಸರಿತ್ತು. ನಮ್ಮೂರ ಅಜ್ಜಿಯರಿಗೆ ಯಾವ ಹೆಸರೂ ಬೇಡ, ಅದು ಮಿಷನ್ ಆಸ್ಪತ್ರೆ, ಅಷ್ಟೆ.

ತುಮಕೂರು ಕಡೆಯದು ಇಂಗ್ಲೆಂಡಿನ ವೆಸ್ಲಿಯನ್ ಮೆಥೊಡಿಸ್ಟರು ಅನ್ನುವ ಪ್ರಾಟೆಸ್ಟಂಟ್ ಪಂಗಡದವರದು. ತಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಗೆ ಬಂದು ನೆಲೆಸಿದರು, ಸ್ವಲ್ಪ ಕಾಲಕ್ಕೆ ವಿಲಿಯಂ ಆರ್ಥರ್ ಅಲ್ಲಿಗೆ ಬಂದರು. ಕೋಲಾರದವರೂ ಮೆಥೊಡಿಸ್ಟರೇ, ಆದರೆ ಅಮೆರಿಕದ ಮೆಥೊಡಿಸ್ಟರು. ಅವರಿಗೂ ಮುಂಚೆ, 1876–78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮಿಸ್ ಆನ್‌ಸ್ಟಿ ಅನ್ನುವ ಇಂಗ್ಲಿಷ್ ಹೆಂಗಸು ಅನಾಥ ಮಕ್ಕಳನ್ನು ಕೋಲಾರದಲ್ಲಿ ಸಾಕುತ್ತಿದ್ದರು. 1890ರಲ್ಲಿ ಆ ಕೆಲಸವನ್ನು ಅಮೆರಿಕದವರಿಗೆ ಒಪ್ಪಿಸಿದರು. ಇ.ಟಿ.ಸಿ.ಎಂ. ಆಸ್ಪತ್ರೆ ಅಂತ ಕೋಲಾರದ ಆಟೊದವರೆಲ್ಲ ಹೇಳುವುದು ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸಿ.ಎಸ್.ಐ. ಹುಟ್ಟಿದಾಗ ಲಂಡನ್ ಮಿಷನ್ನಿನವರೂ ತುಮಕೂರಿನ ಮೆಥೊಡಿಸ್ಟರೂ ಅದಕ್ಕೆ ಸೇರಿದರು, ಕೋಲಾರದ ಮೆಥೊಡಿಸ್ಟರು ಸೇರಲಿಲ್ಲ. ಅವರದು 1981ರಿಂದ ಸ್ವತಂತ್ರವಾದ ಭಾರತದ ಮೆಥೊಡಿಸ್ಟ್ ಸಭೆ. ತುಮಕೂರು ಕಡೆ ಸಂಬಂಧ ಬೆಳೆಸಿದ ಕೋಲಾರದ ಮನೆಯವರು ‘ನಾವೂ ಮೆಥೊಡಿಸ್ಟೇ, ನೀವೂ ಮೆಥೊಡಿಸ್ಟೇ ಆಗಿದ್ದವರಲ್ಲ’ ಅಂದರೆ ಆ ಮಾತು ಅರ್ಧ ಮಾತ್ರ ನಿಜ. ಒಂದರ ವರದಿ ಲಂಡನ್ನಿಗೆ ಹೋಗುತ್ತಿತ್ತು, ಇನ್ನೊಂದರದು ಅಮೆರಿಕಕ್ಕೆ. ನೀವು ಹುಡುಕಬೇಕಾದ ಕಡೆಯೂ ಹಾಗೇ ಬೇರೆಯಾಗುತ್ತದೆ.

ಬೆಂಗಳೂರಿನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಹಳೇ ದಾಖಲೆಗಳ ಸಂಗ್ರಹ ಇದೆ. ಅಯ್ಯನವರ ಕೈಲಿ ಪತ್ರ ಬರೆಸಿಕೊಂಡು, ಮೊದಲೇ ತಿಳಿಸಿ ಹೋಗಿ. ನಾನು ಹೇಳದೆ ಹೋಗಿ ಒಂದು ದಿನದ ಬಸ್ ಚಾರ್ಜು ದಂಡ ಕಟ್ಟಿದೆ. ಹಳೇ ಮಿಷನ್ ಪತ್ರಿಕೆಗಳು ಇಂಟರ್ನೆಟ್ ಆರ್ಕೈವಿನಲ್ಲೂ ಬೇಕಾದಷ್ಟಿವೆ. ಈಗಿನ ಹೆಸರಿಟ್ಟು ಹುಡುಕಿದರೆ ಏನೂ ಬರುವುದಿಲ್ಲ. ಇಂಗ್ಲಿಷಿನಲ್ಲಿ ಚಿಕ್ ಬಳ್ಳಾಪುರ್ ಅಂತ ಎರಡು ತುಂಡು ಮಾಡಿ ಬರೆಯಿರಿ, ಬಂಗಾರಪೇಟೆಗೆ ಬೌರಿಂಗ್‌ಪೇಟ್ ಅನ್ನಿ, ಕನ್ನಡ ಅನ್ನುವ ಬದಲು ಕ್ಯಾನರೀಸ್ ಅನ್ನಿ. ಇನ್ನೊಂದು, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಮುಂಚಿನ ಕಾಗದದಲ್ಲೆಲ್ಲ ನಾವು ಕೋಲಾರ ಜಿಲ್ಲೆಯವರು.

ವರದಿ ಓದುವಾಗ ಒಂದು ಎಚ್ಚರ ಇರಲಿ. ಅದನ್ನು ಬರೆದದ್ದು ದೂರದ ಊರಿನಲ್ಲಿ ಚಂದಾ ಕೊಡುವವರಿಗಾಗಿ. ಹಾಗಾಗಿ ನಮ್ಮ ಊರು ಇದ್ದದ್ದಕ್ಕಿಂತ ಕತ್ತಲಾಗಿ ಕಾಣುತ್ತದೆ, ಶಾಲೆಯ ದೀಪ ಇದ್ದದ್ದಕ್ಕಿಂತ ಜೋರಾಗಿ ಉರಿಯುತ್ತದೆ. ತಾರೀಖು, ಕಟ್ಟಡ, ಶಾಲೆ, ಜನಸಂಖ್ಯೆ ಇವಕ್ಕೆ ವರದಿಯನ್ನು ನಂಬಿ. ಮನುಷ್ಯರ ವಿಷಯಕ್ಕೆ ಬಂದಾಗ ಹೆಸರಿನ ನೋಟ್‌ಬುಕ್ಕಿನ ಜೊತೆ ತಾಳೆ ನೋಡಿ. ನಮ್ಮ ಕಡೆ ‘ಇಬ್ಬರು ಬೈಬಲ್ ಸ್ತ್ರೀಯರು’ ಅಂತಷ್ಟೇ ವರದಿಯಲ್ಲಿದ್ದವರಲ್ಲಿ ಒಬ್ಬರು ಯಾರು ಅಂತ ತಿಳಿಯಿತು. ಹರಾಜಿನಲ್ಲಿ ವರ್ಷಾ ವರ್ಷ ಎಲೆ ಅಡಿಕೆ ಮಾತ್ರ ಕೊಳ್ಳುತ್ತಿದ್ದ ವಿಧವೆಯೊಬ್ಬರು. ಮನೆಮನೆಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದವರು, ಜಗಲಿ ಮೇಲೆ ಕೂತರೆ ಎಲೆ ಅಡಿಕೆ ಕೈಗೆ ಕೊಟ್ಟೇ ಮಾತು ಶುರುಮಾಡುತ್ತಿದ್ದರಂತೆ. ಇನ್ನೊಬ್ಬರ ಹೆಸರು ಇವತ್ತಿಗೂ ಸಿಕ್ಕಿಲ್ಲ. ಪುಸ್ತಕದಲ್ಲಿ ಅವರ ಜಾಗ ಖಾಲಿ ಬಿಟ್ಟಿದ್ದೇನೆ.

ರಿಜಿಸ್ಟರು

ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ, ಸಮಾಧಿ, ಈ ಮೂರು ರಿಜಿಸ್ಟರುಗಳು ಅಯ್ಯನವರ ಜವಾಬ್ದಾರಿಯಲ್ಲಿರುತ್ತವೆ. ಮನೆಗೆ ಕೇಳಬೇಡಿ, ಕೊಟ್ಟರೂ ತರಬೇಡಿ. ಮದುವೆಯದಂತೂ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ಇಡುವ ದಾಖಲೆ, ಅದರಲ್ಲಿ ಪೆನ್ನು ಆಡಿಸುವ ಹಕ್ಕು ನಿಮಗಿಲ್ಲ. ದೇವಾಲಯದಲ್ಲೇ ಕೂತು, ಕಿಟಕಿ ಪಕ್ಕದ ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಮೊಬೈಲಿನಲ್ಲಿ ಪುಟ ಪುಟವಾಗಿ ಫೋಟೊ ತೆಗೆಯಿರಿ. ಜೊತೆಗೆ ಪುಟ ತಿರುಗಿಸುವುದಕ್ಕೆ ನಿಧಾನ ಸ್ವಭಾವದವರು ಒಬ್ಬರು ಬೇಕು. ನಾನು ಅವಸರದ ಮೊಮ್ಮಗನನ್ನು ಕೂರಿಸಿಕೊಂಡು ಒಂದು ಮೂಲೆ ಹರಿಸಿಕೊಂಡೆ. ಹರಿದರೆ ಸೆಲೋಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸುತ್ತೇನೆ ಅನ್ನುವ ಉತ್ಸಾಹಿಗಳನ್ನು ಹತ್ತಿರ ಬಿಡಬೇಡಿ. ತುಂಡನ್ನು ಕವರಿನಲ್ಲಿ ಹಾಕಿ ಅದೇ ಪುಟದಲ್ಲಿ ಇಡಿ.

ದೀಕ್ಷಾಸ್ನಾನದ ಪುಸ್ತಕದಲ್ಲಿ ಹೆಸರು, ತಂದೆ ತಾಯಿ, ಊರು, ಕಸುಬು, ದೀಕ್ಷಾಸ್ನಾನ ಕೊಟ್ಟವರು ಅಂತ ಕಾಲಮ್ಮುಗಳಿರುತ್ತವೆ. ಕಸುಬಿನ ಕಾಲಮ್ಮನ್ನು ಮೇಲಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಓದಿ: ಕೂಲಿ, ಕೂಲಿ, ಬೇಸಾಯ, ಕೂಲಿ, ಬಟ್ಲರ್, ಉಪಾಧ್ಯಾಯ, ಕಾಂಪೌಂಡರ್, ನರ್ಸು. ಶಾಲೆ ಆಸ್ಪತ್ರೆಗಳು ಮೂರು ತಲೆಮಾರಿನಲ್ಲಿ ಏನು ಮಾಡಿದವು ಅಂತ ಅಲ್ಲೇ ಕಾಣುತ್ತದೆ. ದೊಡ್ಡವರಾಗಿ ಸೇರಿದವರಿಗೆ ಹಳೇ ಹೆಸರು, ಹೊಸ ಹೆಸರು ಎರಡೂ ಇರಬಹುದು. ನಮ್ಮಲ್ಲಿ ಮುನಿಯಮ್ಮಂದಿರು ಕರುಣಮ್ಮಂದಿರಾಗಿದ್ದಾರೆ. ಆದರೆ ಹರಾಜಿನ ಪುಸ್ತಕದಲ್ಲಿ ಮತ್ತೆ ಮುನಿಯಮ್ಮ ಅಂತಲೇ ಇದ್ದಾರೆ, ಯಾಕೆಂದರೆ ಊರು ಹಾಗೇ ಕರೆಯುತ್ತಿತ್ತು. ಇಬ್ಬರು ಅಂತ ಎಣಿಸಿ ನನ್ನ ಹಾಗೆ ಮೋಸಹೋಗಬೇಡಿ.

ಸಮಾಧಿ ರಿಜಿಸ್ಟರಿನಲ್ಲಿ 1918ರ ಕೊನೆಯ ತಿಂಗಳುಗಳಿಗೆ ಹೋಗಿ ನೋಡಿ. ಇನ್‌ಫ್ಲುಯೆಂಜಾ ಬಂದ ಕಾಲ. ನಮ್ಮದರಲ್ಲಿ ಆ ಪುಟಗಳ ಕೈಬರಹವೇ ನಡುವೆ ಬದಲಾಗುತ್ತದೆ. ಬರೆಯುತ್ತಿದ್ದ ಉಪದೇಶಿಯ ಹೆಸರು ಎರಡು ಸಾಲಿನ ಕೆಳಗೆ, ಸತ್ತವರ ಕಾಲಮ್ಮಿನಲ್ಲಿದೆ.

ಜಾತಿ ಬರೆದ ಪುಟಗಳೂ ಸಿಗುತ್ತವೆ. ‘ಬರದ ಅನಾಥ’ ಅಂತ ಬರೆದದ್ದು ಸಿಗುತ್ತದೆ, ತಂದೆಯ ಹೆಸರಿನ ಜಾಗದಲ್ಲಿ ಗೆರೆ ಎಳೆದದ್ದು ಸಿಗುತ್ತದೆ. ನನ್ನ ಅಭಿಪ್ರಾಯ ಹೇಳುತ್ತೇನೆ: ಒಟ್ಟಾರೆ ಸಭೆಯ ಕಥೆಯಾಗಿ ಅದನ್ನು ಮುಚ್ಚಿಡಬಾರದು. ನಮ್ಮ ಹಿರಿಯರು ಬಂದದ್ದು ಕೆಲವರು ಹಸಿವಿನಿಂದ, ಕೆಲವರು ಊರ ಬಾವಿಯಲ್ಲಿ ನೀರು ಸೇದಲು ಬಿಡದ ಅವಮಾನದಿಂದ, ಕೆಲವರು ಆಸ್ಪತ್ರೆಯಲ್ಲಿ ಮಗು ಉಳಿದದ್ದರಿಂದ, ಕೆಲವರು ಜಗಲಿ ಮೇಲೆ ಕೇಳಿದ ವಾಕ್ಯ ಮನಸ್ಸಿಗೆ ಹತ್ತಿ. ಅದನ್ನೆಲ್ಲ ಒಂದೇ ಕಾರಣಕ್ಕೆ ಇಳಿಸಿ ಬರೆದರೆ ಹೊಗಳಿದರೂ ಸುಳ್ಳು, ತೆಗಳಿದರೂ ಸುಳ್ಳು. ಆದರೆ ಇಂಥ ಮನೆಯ ಇಂಥವರು ಅಂತ ಅಚ್ಚು ಹಾಕುವ ಮುಂಚೆ ಆ ಮನೆಯವರಿಗೆ ಪುಟ ತೋರಿಸಿ, ಒಪ್ಪಿಗೆ ತೆಗೆದುಕೊಳ್ಳಿ. ನಾನು ಮೂರು ಮನೆಗಳಿಗೆ ಹೋದೆ. ಎರಡು ಮನೆಯವರು ಬೇಡ ಅಂದರು, ತೆಗೆದೆ. ಮೂರನೇ ಮನೆಯ ಹುಡುಗಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ‘ದಪ್ಪ ಅಕ್ಷರದಲ್ಲಿ ಹಾಕಿ ಆಂಟಿ’ ಅಂದಳು.

ತಾರೀಖಿಲ್ಲದ ಕಾಗದ

ಕಟ್ಟು ಬಿಚ್ಚಿದರೆ ಅರ್ಧ ಕಾಗದಗಳಿಗೆ ತಾರೀಖೇ ಇರುವುದಿಲ್ಲ. ಆಗ ದುಡ್ಡನ್ನು ನೋಡಿ. ಆಣೆ, ಕಾಸು ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್ಲಿಗೆ ಮುಂಚಿನದು. ನಯಾಪೈಸೆ ಅಂತಿದ್ದರೆ ಅಲ್ಲಿಂದ 1964ರ ನಡುವಿನದು, ಆಮೇಲೆ ಬರೀ ಪೈಸೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚೆಯದು. ಮೈಸೂರು ರಾಜ್ಯ ಅಂತ ಅಚ್ಚಾಗಿದ್ದರೆ 1973ರ ನವೆಂಬರಿಗೆ ಮುಂಚಿನದು, ಆದರೆ ಹಳೇ ಲೆಟರ್‌ಹೆಡ್ ಮುಗಿಯುವ ತನಕ ಬಳಸುವ ಖಜಾಂಚಿಗಳು ನಮ್ಮಲ್ಲೂ ಇದ್ದರು. ಮೊಹರಿನಲ್ಲಿ ಎಲ್.ಎಂ.ಎಸ್. ಅಂತಿದ್ದರೆ ಲಂಡನ್ ಮಿಷನ್ನು. ಎಸ್.ಐ.ಯು.ಸಿ. ಅಂತಿದ್ದರೆ 1908ರಲ್ಲಿ ಆದ ದಕ್ಷಿಣ ಇಂಡಿಯಾ ಐಕ್ಯ ಸಭೆ, ಅಂದರೆ 1908ರಿಂದ 1947ರ ಒಳಗಿನದು. ತುಮಕೂರಿನವರ ಕಾಗದದಲ್ಲಿ ವೆಸ್ಲಿಯನ್ ಅನ್ನುವ ಮಾತು 1932ರ ತನಕ, ಆ ವರ್ಷ ಇಂಗ್ಲೆಂಡಿನಲ್ಲಿ ಮೆಥೊಡಿಸ್ಟರ ಪಂಗಡಗಳು ಒಂದಾದವು. ಮೈಸೂರು ಡಯಾಸಿಸ್, ಅಂದರೆ ಬಿಷಪ್ಪರ ಆಡಳಿತದ ಪ್ರಾಂತ್ಯ, ಅಂತಿದ್ದರೆ 1947ರಿಂದ 1970. ಅಲ್ಲಿಂದ ಮುಂದೆ ನಾವು ಕರ್ನಾಟಕ ಮಧ್ಯ ಸಭಾಪ್ರಾಂತ್ಯ.

ಸೇರು, ಪಾವು ನೋಡಿ ಮಾತ್ರ ವರ್ಷ ಹೇಳಲು ಹೋಗಬೇಡಿ. ಕಿಲೋ ಬಂದು ಎಷ್ಟೋ ವರ್ಷವಾದ ಮೇಲೂ ನಮ್ಮತ್ತೆ ರಾಗಿಯನ್ನು ಸೇರಿನಲ್ಲೇ ಅಳೆದರು.

ಗಂಟೆಯ ಮೇಲಿನ ಇಸವಿಯೂ ಹೆಂಚಿನ ಹಾಗೇ, ಗಂಟೆ ಎರಕ ಹೊಯ್ದ ವರ್ಷ ಅದು. ಇನ್ನೊಂದು ಊರಿನಿಂದ ಬಂದ ಗಂಟೆಯೂ ಆಗಿರಬಹುದು. ಅಸ್ತಿವಾರದ ಕಲ್ಲಿನಲ್ಲಿ ಕಲ್ಲು ಇಟ್ಟ ದಿನ ಬರೆದಿರುತ್ತಾರೆ, ಪ್ರತಿಷ್ಠೆ ಆದ ದಿನವಲ್ಲ. ನಡುವೆ ದುಡ್ಡು ಮುಗಿದು ಐದಾರು ವರ್ಷ ಗೋಡೆ ಹಾಗೇ ನಿಂತದ್ದೂ ಉಂಟು. ಮನೆಗಳಲ್ಲಿರುವ ಹಳೇ ಸತ್ಯವೇದದ (ಬೈಬಲ್ಲಿನ) ಮೊದಲ ಖಾಲಿ ಹಾಳೆ ನೋಡುವುದನ್ನು ಮರೆಯಬೇಡಿ. ಹುಟ್ಟು, ಸಾವು, ಮದುವೆ, ಕೆಲವು ಕಡೆ ಹಸು ಈದ ದಿನವನ್ನೂ ಅಲ್ಲೇ ಬರೆದಿರುತ್ತಾರೆ.

ಸಮಾಧಿ ಕಲ್ಲುಗಳಿಗೆ ಸುಣ್ಣ, ಚಾಕ್‌ಪೀಸು, ತಂತಿ ಬ್ರಶ್ಶು ಏನೂ ಬೇಡ. ಬೆಳಿಗ್ಗೆ ಏಳಕ್ಕೋ ಸಂಜೆ ಐದಕ್ಕೋ ಬಿಸಿಲು ಓರೆಯಾಗಿ ಬೀಳುವಾಗ ಹೋಗಿ. ಬಿಸಿಲು ಬೀಳದ ಕಲ್ಲಿಗೆ ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಅಕ್ಷರ ಎದ್ದು ನಿಲ್ಲುತ್ತದೆ. ಹಾವಿನ ಭಯ ಇದ್ದರೆ ಬೂಟು ಹಾಕಿ.

ಹಿರಿಯರ ಮುಂದೆ ಕೂತಾಗ

‘ಯಾವ ವರ್ಷ ಅಜ್ಜಿ?’ ಅಂತ ಯಾವತ್ತೂ ಕೇಳಬೇಡಿ. ಸುಮ್ಮನೆ ಬಾಯಿಗೆ ಬಂದ ಇಸವಿ ಹೇಳುತ್ತಾರೆ, ಟೀಚರು ಕೇಳಿದರಲ್ಲ ಅನ್ನುವ ಮರ್ಯಾದೆಗೆ. ‘ನಿಮ್ಮ ಮದುವೆಗೆ ಮುಂಚೆನೋ ಆಮೇಲೋ? ದೊಡ್ಡ ಮಗ ಹುಟ್ಟಿದ್ದನೋ?’ ಅಂತ ಕೇಳಿ. ಊರಿಗೆಲ್ಲ ನೆನಪಿರುವ ಗೂಟಗಳು ಬೇಕು. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆ ಅಂತ ಹೆದರಿ ಕೋಳಿ ಕೊಯ್ದು ತಿಂದದ್ದು 1979ರ ಜುಲೈ. ಸೂರ್ಯಗ್ರಹಣಕ್ಕೆ ಬಾಗಿಲು ಹಾಕಿಕೊಂಡು ಕೂತದ್ದು 1980ರ ಫೆಬ್ರವರಿ 16. ನೆಹರು ತೀರಿಕೊಂಡದ್ದು 1964ರ ಮೇ 27. ಅವರ ಅಮ್ಮಂದಿರು ಹೇಳುತ್ತಿದ್ದ ಮಾತಾದರೆ ವಿದುರಾಶ್ವತ್ಥದಲ್ಲಿ ಗುಂಡು ಹಾರಿದ್ದು 1938ರ ಏಪ್ರಿಲ್ 25, ಗಾಂಧಿ ನಂದಿಬೆಟ್ಟದಲ್ಲಿ ಉಳಿದದ್ದು 1927ರಲ್ಲಿ ಒಂದು ಸಲ, 1936ರಲ್ಲಿ ಮತ್ತೊಂದು ಸಲ.

ನಮ್ಮ ಕಡೆ ಹಿರಿಯರ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಜಾರುತ್ತದೆ, ಸಿಟ್ಟು ಬಂದಾಗಂತೂ ಪೂರಾ ತೆಲುಗು. ತಡೆಯಬೇಡಿ. ಮೊಬೈಲಿನಲ್ಲಿ ರೆಕಾರ್ಡಿಗೆ ಹಾಕಿ, ಹಾಕಿದ್ದೇನೆ ಅಂತ ಹೇಳಿ, ಅವರ ಮಾತನ್ನು ಅವರ ಭಾಷೆಯಲ್ಲೇ ಬರೆದುಕೊಂಡು ಆಮೇಲೆ ಕನ್ನಡ ಮಾಡಿ. ಹಾಡು ಹೇಳಿಸಿ. ನೆನಪಿಲ್ಲ ಅನ್ನುವ ಅಜ್ಜಿ ಹಾಡಿನ ಎರಡನೇ ಚರಣಕ್ಕೆ ಬರುವಷ್ಟರಲ್ಲಿ, ಅದನ್ನು ಕಲಿಸಿದ ಮಿಸ್ಸಮ್ಮನ ಕನ್ನಡಕದ ಬಣ್ಣ ಸಮೇತ ಹೇಳುತ್ತಾರೆ.

ಪೀಠದ ಮೇಲೆ ನಿಂತವರನ್ನು ಎಲ್ಲರೂ ಹೇಳುತ್ತಾರೆ. ನೀವು ಗಂಟೆ ಹೊಡೆಯುತ್ತಿದ್ದವರು ಯಾರು, ಶನಿವಾರ ಸಾರಿಸುತ್ತಿದ್ದವರು ಯಾರು, ಹೆಣಕ್ಕೆ ಪೆಟ್ಟಿಗೆ ಮಾಡುತ್ತಿದ್ದವರು ಯಾರು ಅಂತ ಕೇಳಿ. ನಮ್ಮ ಪೀಠದ ಮರಗೆಲಸ ಮಾಡಿದ್ದು ವಿಶ್ವಕರ್ಮರ ಮನೆಯವರು. ಕಲ್ಲು ತಂದ ಗಾಡಿ ಸಾಹೇಬರ ಮನೆಯದು, ಬಾಡಿಗೆ ಪೂರ್ತಿ ಬೇಡ ಅಂದರಂತೆ. ಆ ಎರಡೂ ಮನೆಗಳಿಗೆ ಕ್ರಿಸ್ಮಸ್ಸಿಗೆ ಕಜ್ಜಾಯ, ರೋಸ್ ಕುಕ್ಕೀಸು ಹೋಗುವುದು ಯಾಕೆ ಅಂತ ನನಗೆ ಗೊತ್ತಾದದ್ದೇ ಈ ಕೆಲಸಕ್ಕೆ ಕೂತ ಮೇಲೆ. ಚಿಕ್ಕ ಸೊಸೆಯಾಗಿ ಬಂದಾಗಿನಿಂದ ತಟ್ಟೆ ಹೊತ್ತುಕೊಂಡು ಹೋಗುತ್ತಿದ್ದೆ, ಕೇಳಿರಲಿಲ್ಲ.

ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ, ರಿಜಿಸ್ಟರಿನಲ್ಲಿ ಇರುವುದನ್ನು ಪಕ್ಕದಲ್ಲಿ ಬರೆಯಿರಿ. ಸಮಿತಿಯ ಜಗಳ, ಎರಡು ಪಕ್ಷ, ಕೋರ್ಟಿಗೆ ಹೋದದ್ದು ಇವು ಪ್ರತಿ ಸಭೆಯಲ್ಲೂ ಇರುತ್ತವೆ. ಆಯಿತು ಅಂತ ಒಂದು ಸಾಲು ಬರೆದು ಮುಂದೆ ಹೋಗಿ. ಜಮೀನು, ಖಾತೆ, ಸರ್ವೆ ನಂಬರಿನ ವಿಷಯಕ್ಕೆ ಕೈ ಹಾಕಿದಿರೋ, ನಿಮ್ಮ ಪುಸ್ತಕವನ್ನು ವಕೀಲರು ಮಾತ್ರ ಓದುತ್ತಾರೆ.

ಅಚ್ಚು, ಪೆಟ್ಟಿಗೆ

ಅಚ್ಚಿನ ವಿಷಯ ಹೆಚ್ಚು ಹೇಳುವುದಿಲ್ಲ, ಪ್ರೆಸ್ಸಿನವರೇ ಹೇಳುತ್ತಾರೆ. ಪ್ರೂಫ್ ಮಾತ್ರ ಇಬ್ಬರು ಓದಿ, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲ ನೋಡಬೇಕು. ಫೋಟೊದ ಕೆಳಗೆ ‘ಎಡದಿಂದ ಬಲಕ್ಕೆ’ ಅಂತ ಬರೆದು ಹೆಸರು ಹಾಕಿ. ಹೆಸರು ತಿಳಿಯದವರನ್ನು ‘ಇತರರು’ ಅನ್ನಬೇಡಿ, ಅವರು ನಿಂತ ಜಾಗದಲ್ಲಿ ಚುಕ್ಕಿ ಹಾಕಿ. ನಾವು ಹೀಗೆ ಬಿಟ್ಟ ಹದಿನಾಲ್ಕು ಚುಕ್ಕಿಗಳಲ್ಲಿ ಐದನ್ನು ಬಿಡುಗಡೆಯ ದಿನವೇ ಜನ ಬಂದು ತುಂಬಿಸಿದರು. ಕೊನೆಯಲ್ಲಿ ನಾಲ್ಕು ಖಾಲಿ ಪುಟ ಕೊಡಿ ಅಂದಾಗ ಪ್ರೆಸ್ಸಿನವರು ವಿಚಿತ್ರವಾಗಿ ನೋಡಿದರು. ಈಗ ಎಷ್ಟೋ ಮನೆಗಳಲ್ಲಿ ಆ ಪುಟಗಳು ತುಂಬಿವೆ.

ನೀವು ಕಲೆ ಹಾಕಿದ ಕಾಗದಗಳನ್ನೆಲ್ಲ ಒಂದು ತಗಡಿನ ಪೆಟ್ಟಿಗೆಗೆ ಹಾಕಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಜೆ ಬೇರಿನ ನಾಲ್ಕು ತುಂಡು ಹಾಕಿ, ನೆಲದಿಂದ ಒಂದಡಿ ಮೇಲೆ ಇಡಿ. ಫೋಟೊಗಳ ಪ್ರತಿ ಎರಡು ಪೆನ್‌ಡ್ರೈವಿನಲ್ಲಿ ಎರಡು ಮನೆಯಲ್ಲಿರಲಿ. ಪೆಟ್ಟಿಗೆಗೆ ಎರಡು ಬೀಗದಕೈ ಮಾಡಿಸಿ. ಒಂದು ಅಯ್ಯನವರ ಹತ್ತಿರ ಇರಲಿ, ಆದರೆ ಅಯ್ಯನವರಿಗೆ ವರ್ಗ ಆಗುತ್ತದೆ. ಹಾಗಾಗಿ ಇನ್ನೊಂದನ್ನು ಊರು ಬಿಟ್ಟು ಹೋಗದ ಯಾರಿಗಾದರೂ ಕೊಡಿ. ನಮ್ಮದು ಶನಿವಾರ ದೇವಾಲಯ ಸಾರಿಸುವ ದೊಡ್ಡಮ್ಮನ ಸೊಂಟದಲ್ಲಿದೆ.